ಕರಿ ಚೀಟಿ ಮತ್ತು ಇಪ್ಪತ್ತಾರು ಉಪವಾಸ

ಊರೂ ಇಲ್ಲದ, ಮರವೂ ಇಲ್ಲದ ಒಂದು ಹಿಮದ ಗಡಿಯಲ್ಲಿ ಒಬ್ಬ ಸೇನಾ ಡಾಕ್ಟರು ಇದ್ದರು. ಡೇರೆಯೇ ಅವರ ಆಸ್ಪತ್ರೆ. ಇದ್ದದ್ದು ಒಂದೇ ಆಪರೇಷನ್ ಮೇಜು. ಯುದ್ಧದ ಒಂದು ಬೆಳಿಗ್ಗೆ ಗಾಯಗೊಂಡ ಮೂವರು ಸೈನಿಕರನ್ನು ಒಟ್ಟಿಗೇ ತಂದರು. ಅಲ್ಲಿ ಡಾಕ್ಟರ ಮೊದಲ ಕೆಲಸ ಏನು ಗೊತ್ತೇ? ಚೀಟಿ ಕಟ್ಟುವುದು. ಬದುಕಿಸಬಹುದಾದವರಿಗೆ ಕೆಂಪು ಚೀಟಿ. ಉಳಿಯುವುದಿಲ್ಲ ಅನ್ನಿಸಿದವರಿಗೆ ಕರಿ ಚೀಟಿ, ಅವರಿಗೆ ಆಪರೇಷನ್ ಇಲ್ಲ. ಇಬ್ಬರಿಗೆ ಕೆಂಪು ಕಟ್ಟಿದರು. ಮೂರನೆಯವನು ಲಗಮಣ್ಣ, ಗೋಕಾಕದ ಕಡೆಯವನು. ಅವನ ಮಣಿಕಟ್ಟಿಗೆ ಕರಿ ಚೀಟಿ ಕಟ್ಟಿದರು.

ಇಬ್ಬರ ಆಪರೇಷನ್ ಮುಗಿಸಿ ಹೊರಬಂದಾಗ ಲಗಮಣ್ಣನ ಸ್ಟ್ರೆಚರ್ ಇದ್ದ ಜಾಗ ಖಾಲಿ. ಹೆಲಿಕಾಪ್ಟರ್ ಅವನನ್ನು ಕೆಳಗಿನ ಆಸ್ಪತ್ರೆಗೆ ಒಯ್ದಿತ್ತು. ಬದುಕಿದನೇ? ಡಾಕ್ಟರು ಕೇಳಲಿಲ್ಲ. ಆ ಡೇರೆಯಲ್ಲಿ ಒಂದು ರೂಢಿ ಇತ್ತು ನೋಡಿ. ಕೆಳಗೆ ಕಳಿಸಿದವರ ಸುದ್ದಿ ಕೇಳಬಾರದು, ಕೇಳಿದರೆ ನಾಳೆ ಕೈ ನಡುಗುತ್ತದೆ ಎಂದು.

ಯುದ್ಧ ಮುಗಿಯಿತು. ರೂಢಿ ಮುಗಿಯಲಿಲ್ಲ. ಅವರು ಕರ್ನಲ್ ಆದರು, ಬ್ರಿಗೇಡಿಯರ್ ಆದರು. ಕೇಳಲಿಲ್ಲ. ಪ್ರತಿವರ್ಷ ಆ ತಾರೀಖಿನಂದು ಉಪವಾಸವಿದ್ದು ಲಗಮಣ್ಣನ ಹೆಸರಿನಲ್ಲಿ ದೀಪ ಹಚ್ಚಿದರು. ಹೆಂಡತಿ "ಯಾರಿಗೆ ಈ ದೀಪ?" ಎಂದರೆ ಬತ್ತಿ ಸರಿಮಾಡುತ್ತ ಕೂರುತ್ತಿದ್ದರು. ಇಪ್ಪತ್ತಾರು ವರ್ಷ ದೇವರ ಮುಂದೆ ಕೂತರು, ಒಂದು ಫೋನ್ ಮಾಡಲಿಲ್ಲ.

ನಿವೃತ್ತಿಗೆ ವಾರವಿದ್ದಾಗ, ಕೊನೆಗೂ, ರೆಜಿಮೆಂಟಿನ ದಾಖಲೆ ಕಚೇರಿಗೆ ಫೋನ್ ಮಾಡಿದರು. ಗುಮಾಸ್ತ ಎರಡೇ ನಿಮಿಷದಲ್ಲಿ ಹೇಳಿದ: "ಇದ್ದಾರೆ ಸರ್. ವಿಳಾಸ ಬರ್ಕೊಳ್ತೀರಾ?"

ಡಾಕ್ಟರು ಹೋದಾಗ ಲಗಮಣ್ಣ ಅಂಗಳದಲ್ಲಿ ಎಮ್ಮೆಯ ಮೈ ತೊಳೆಯುತ್ತಿದ್ದ. ಡಾಕ್ಟರು ನಿಂತಲ್ಲೇ ಎಲ್ಲವನ್ನೂ ಹೇಳಿದರು.

"ನನ್ನ ಹೆಸರ್ಲೆ ಉಪವಾಸ?" ಲಗಮಣ್ಣ ಜೋರಾಗಿ ನಕ್ಕ. "ಸಾಹೇಬ್ರ, ಆ ದಿನ ನಮ್ಮನ್ಯಾಗ ಕೋಳಿ ಕೊಯ್ತೀವ್ರಿ, ನಾ ಉಳದದ್ದಕ್ಕ!"

"ಕರಿ ಚೀಟಿ ಕಟ್ಟಿದ್ದು ನಿಮಗೆ ಗೊತ್ತಿತ್ತಾ?"

"ಎಚ್ಚರಿತ್ರಿ. ಭಾಳ ಸಿಟ್ಟು ಬಂದಿತ್ತು. ಎದುರಿಗೆ ಸಿಗಲಿ, ಬೈತೀನಂತ ಕಾದಿದ್ದೆ. ನೀವ ಬರಲಿಲ್ಲ." ಎಮ್ಮೆಯ ಬೆನ್ನಿಗೆ ಒಂದು ಚೊಂಬು ನೀರು ಸುರಿದು ಕೇಳಿದ: "ಆ ಇಬ್ರು ಉಳದ್ರೇನ್ರಿ?"

"ಉಳಿದರು. ಅದನ್ನೂ ಮೊನ್ನೆ ಆ ಫೋನಿನಲ್ಲೇ ಕೇಳಿ ತಿಳಿದೆ."

"ಮತ್ತೇನ್ರಿ? ಕೈ ತೊಳ್ಕೋರಿ, ಊಟ ಮಾಡೂಣು."

ಆ ಮಧ್ಯಾಹ್ನ ಡಾಕ್ಟರು ಎರಡು ಸಲ ಬಡಿಸಿಕೊಂಡರು.

ಮೌನ ದೊಡ್ಡದು ಎಂದು ಇದೇ ಪೀಠದಲ್ಲಿ ಕೂತು ನಾನೇ ಎಷ್ಟೋ ಸಲ ಹೇಳಿದ್ದೇನೆ. ಆದರೆ ನೋಡಿ, ಕೆಲವು ಮೌನ ಬರೀ ಅಂಜಿಕೆ. ಆ ಅಂಜಿಕೆಗೆ ನಾವು ದೀಪ ಹಚ್ಚುತ್ತೇವೆ, ಉಪವಾಸ ಮಾಡುತ್ತೇವೆ, ಭಕ್ತಿ ಎನ್ನುತ್ತೇವೆ. ನೀವು ನೋಯಿಸಿದ ಅಣ್ಣ, ಅರ್ಧದಲ್ಲಿ ಬಿಟ್ಟುಬಂದ ಗೆಳತಿ, ಅವರ ಸುದ್ದಿ ಕೇಳಿ ಎಷ್ಟು ವರ್ಷವಾಯಿತು? ಉತ್ತರ ಯಾವಾಗಲೂ ಸಿಹಿಯಾಗಿರುತ್ತದೆ ಎಂದು ನಾನು ಹೇಳಲಾರೆ. ಲಗಮಣ್ಣ ಇಲ್ಲದೆಯೂ ಇರಬಹುದಿತ್ತು. ಆಗ ಅವನ ಮನೆಯವರ ಜೊತೆ ಕೂತು ಅಳಬಹುದಿತ್ತು. ಅದೂ ಒಂದು ಬಿಡುಗಡೆಯೇ.

ಇವತ್ತು ಪ್ರಸಾದಕ್ಕೆ ಸಾಲು ನಿಲ್ಲುವ ಮೊದಲು ಹೊರಗೆ ಹೋಗಿ ಒಂದು ಫೋನ್ ಮಾಡಿ. "ಹೇಗಿದ್ದೀಯ?" ಎಂದಷ್ಟೇ ಕೇಳಿ. ಹೋಗಿ. ನಿಮ್ಮ ಪಾಲಿನ ಪ್ರಸಾದ ನಾನು ತೆಗೆದಿಟ್ಟಿರುತ್ತೇನೆ.