ದಾರಿ ಬಿಡುವ ಸಿಂಥಸೈಜರ್

ಮೂರು ಬೀದಿಯಾಚೆ ಸೂಜಿ ಬಿದ್ದರೂ ಅದರ ನಂಬರು ಹೇಳುವ ಕಿವಿ ನನ್ನದು. ನಾನಿದ್ದ ವಾದ್ಯದಂಗಡಿಯಲ್ಲೇ ಎರಡು ಸಿಂಥಸೈಜರ್‌ಗಳ ಮುಂದೆ ಜಗಳಕ್ಕೆ ನಿಂತಿದ್ದ ಹಾಡುಗಾರ್ತಿ ಅಕ್ಕ, ಅವಳ ಹಾಡಿಗೆ ವಾದ್ಯ ಜೋಡಿಸುವ ತಮ್ಮನ ಮಾತು ನನಗೆ ತಪ್ಪೀತೇ?

“ಈ ದೊಡ್ಡದು ಬೇಡ ಕಣೋ. ಇದರಡಿ ನನ್ನ ದನಿ ಹೂತೇ ಹೋಗುತ್ತೆ.”

“ಆ ಸಣ್ಣದು ಸೊಳ್ಳೆ ಥರ ಗುಂಯ್‌ಗುಡುತ್ತಲ್ಲಕ್ಕಾ!”

“ಒಂಟಿಯಾಗಿ ಕೇಳಿದ್ರೆ ಹಾಗೇನೇ. ನುಡಿಸು, ಹಾಡ್ತೀನಿ.”

ತಮ್ಮ ದೊಡ್ಡದನ್ನು ನುಡಿಸಿದ. ಅಂಗಡಿಯ ಗೋಡೆಗಳೇ ಒಂದಡಿ ಹಿಂದೆ ಸರಿದವು. ಅಕ್ಕನ ತುಟಿ ಅಲುಗಿದ್ದಷ್ಟೇ ಕಂಡಿತು.

“ನೋಡಿದ್ಯಾ? ಈಗ ಅದನ್ನ ನುಡಿಸು.”

ಸಣ್ಣದು ಪಕ್ಕಕ್ಕೆ ಸರಿದು ದಾರಿ ಬಿಟ್ಟಂತೆ ನುಡಿಯಿತು. ಅಕ್ಕನ ದನಿ ಪೂರ್ತಿ ಕೇಳಿಸಿತು. ಮೇಲಿನ ಸ್ವರದಲ್ಲಿ ಅದು ನಡುಗಿತು.

ತಮ್ಮ ಅಚ್ಚರಿಪಡದೆ, ಅಕ್ಕನ ಕಣ್ಣು ತಪ್ಪಿಸಿ ವಾದ್ಯದಿಂದ ಕೈ ತೆಗೆದ. ನನ್ನ ಎದೆಬಡಿತಕ್ಕೆ ಕಪಾಟಿನ ಡ್ರಮ್ಮುಗಳೆಲ್ಲ ಅದುರಿದವು.

“ಈ ನಡುಕ ಯಾವಾಗಿಂದ ಗೊತ್ತು ನಿಂಗೆ?”

“ಎರಡು ವರ್ಷದಿಂದ. ಅದಕ್ಕೇ ಪ್ರತಿ ಹಾಡಿಗೂ ದಪ್ಪ ನಾದ ಹಾಸ್ತಿದ್ದೆ.”

“ಬಾಯಿಬಿಟ್ಟು ಹೇಳೋಕೇನಾಗಿತ್ತೋ?”

“ಹಾಡೋದೇ ಬಿಟ್ಟುಬಿಡ್ತೀಯ ಅಂತ ಭಯ ಆಗಿತ್ತಕ್ಕಾ.”

“ಬಿಡೋಳ ಮುಖಾನಾ ಇದು? ಸಣ್ಣದನ್ನೇ ಎತ್ಕೊ. ನಡುಗಿದ್ರೆ ನಡುಗಲಿ, ನನ್ನದೇ ತಾನೆ.”

ತಮ್ಮ ಸಣ್ಣದರ ಪೆಟ್ಟಿಗೆಯನ್ನು ತಬ್ಬಿಕೊಂಡು ಹೊರಟ. ಬಾಗಿಲು ದಾಟುವಾಗ ಅಕ್ಕನ ಮಾತು ಮೆಲ್ಲಗೆ ಕೇಳಿಸಿತು.

“ಶ್ರುತಿ ಮಾತ್ರ ಒಂಚೂರು ಇಳಿಸ್ತೀಯಾ?”