ಬ್ಯಾಟರಿಗಳ ಹಿಂದಿದ್ದ ಜಾಕೆಟ್ ಕುರಿತು

ಕೆಳಗೆ ಸಹಿ ಮಾಡಿರುವ ನಾನು, ವಯಸ್ಸು ಅರವತ್ತೊಂಬತ್ತು ವರ್ಷ, ನಿವೃತ್ತ ಶಾಲಾ ಉಪಾಧ್ಯಾಯ, ಬಂದರಿನ ಹಿಂದಿನ ಇಳಿಜಾರು ಬೀದಿಯಲ್ಲಿ ಹಗ್ಗದಂಗಡಿಯ ಮೇಲಿನ ಮಹಡಿಯಲ್ಲಿ ವಾಸವಾಗಿರುವವನು, ಐದು ತಿಂಗಳ ಹಿಂದೆ ಕಾಣೆಯಾದ ನನ್ನ ತಮ್ಮನ ವಿಷಯವಾಗಿ ಈ ಮೂಲಕ ತಿಳಿಸುವುದೇನೆಂದರೆ:

ನನ್ನ ತಮ್ಮನು ರೇಡಿಯೋ ದುರಸ್ತಿ ಮಾಡುವವನು. ಅವನಿಗೆ ಏಳು ಮೀಟರ್ ಉದ್ದದ ಹಾಯಿದೋಣಿಯೊಂದಿದೆ. ಐದು ತಿಂಗಳ ಹಿಂದೆ ಒಂದು ಸಂಜೆ ಅವನು ಅದರಲ್ಲಿ ಒಬ್ಬನೇ ಹೊರಟನು. ಮರುದಿನ ಬೆಳಿಗ್ಗೆ ದೋಣಿಯು ಮೀನುಗಾರರಿಗೆ ಸಿಕ್ಕಿತು. ಹಾಯಿ ಇಳಿದಿತ್ತು, ದೀಪ ಉರಿಯುತ್ತಿತ್ತು, ತಮ್ಮನಿರಲಿಲ್ಲ. ಕ್ಯಾಬಿನ್ ಬಾಗಿಲ ಪಕ್ಕದ ಕೊಕ್ಕೆಯಲ್ಲಿ ಸದಾ ತೂಗುತ್ತಿದ್ದ ಕಿತ್ತಳೆ ಬಣ್ಣದ ಜೀವರಕ್ಷಕ ಜಾಕೆಟ್ಟೂ ಇರಲಿಲ್ಲ. ಆದಕಾರಣ ಅವನು ಅದನ್ನು ಧರಿಸಿಯೇ ನೀರಿಗೆ ಬಿದ್ದಿರಬೇಕೆಂದು ಈ ಠಾಣೆಯ ದಾಖಲೆಯಲ್ಲಿದೆ. ಅವನ ಹೆಂಡತಿಯು ಈ ಒಂದು ವಾಕ್ಯವನ್ನು ನಂಬಿಕೊಂಡು ಬದುಕಿದ್ದಾಳೆ. ಯಾವುದೋ ಹಡಗಿನವರು ಅವನನ್ನು ಎತ್ತಿಕೊಂಡಿರುತ್ತಾರೆ, ದೂರದಲ್ಲಿ ಇಳಿಸಿರುತ್ತಾರೆ ಎಂದು ಕೇಳಿದವರಿಗೆಲ್ಲ ಹೇಳುತ್ತಾಳೆ. ಅವನ ಚಪ್ಪಲಿಯನ್ನು ಮಳೆ ಬಂದಾಗ ಒಳಗಿಡುತ್ತಾಳೆ, ಬಿಸಿಲು ಬಂದಾಗ ಹೊರಗಿಡುತ್ತಾಳೆ.

ದೋಣಿಯ ಮೂರು ಬ್ಯಾಟರಿಗಳು ಹಿಂಭಾಗದಲ್ಲಿ, ಚುಕ್ಕಾಣಿಯ ಬಳಿಯ ಆಸನದ ಕೆಳಗಿದ್ದವು. ಒಂದೊಂದು ಸುಮಾರು ಮೂವತ್ತು ಕಿಲೋ. ಆ ಭಾರದಿಂದ ದೋಣಿಯ ಹಿಂಭಾಗ ತಗ್ಗುತ್ತಿತ್ತು. ಬ್ಯಾಟರಿಗಳನ್ನು ನಡುವಿನ ಬೆಂಚಿನ ಕೆಳಗೆ ಸಾಗಿಸಿ, ಅಲ್ಲಿನ ಹಗ್ಗ, ಡಬ್ಬಿ, ಸಾಮಾನುಗಳನ್ನು ಹಿಂದಕ್ಕೆ ತರಬೇಕೆಂದು ತಮ್ಮನು ಎರಡು ವರ್ಷದಿಂದ ಹೇಳುತ್ತಲೇ ಇದ್ದನು. ಕಳೆದ ವಾರ ಅವನ ಹೆಂಡತಿಯು ನನ್ನ ಮನೆಗೆ ಬಂದು, ಆ ಕೆಲಸ ಮುಗಿಸಿಬಿಡೋಣ ಭಾವ, ಇಲ್ಲಾಂದ್ರೆ ಅವರು ಬಂದ ದಿನವೇ ಸ್ಪ್ಯಾನರ್ ಹಿಡ್ಕೊಂಡು ಹೋಗಿ ಕೂರ್ತಾರೆ, ಊಟಕ್ಕೂ ಬರಲ್ಲ ಎಂದು ಹೇಳಿದಳು. ನಾನು ಒಪ್ಪಿದೆನು.

ಇಂದು ಬೆಳಿಗ್ಗೆ ಒಂಬತ್ತು ಗಂಟೆಗೆ ನಾನು, ಆಕೆ, ಮತ್ತು ಬಂದರಿನಲ್ಲಿ ಎಲ್ಲರೂ ಶಾಕಣ್ಣ ಎಂದು ಕರೆಯುವ ವಿದ್ಯುತ್ ಕೆಲಸಗಾರ ದೋಣಿಗೆ ಹೋದೆವು. ನಾನು ತಂತಿಯೊಂದನ್ನು ಮುಟ್ಟಲು ಹೋದಾಗ ಶಾಕಣ್ಣನು, ಮೇಷ್ಟ್ರೇ, ಪ್ಲಸ್ಸು ಮೈನಸ್ಸು ಕರಿಹಲಗೆ ಮೇಲೆ ಇಟ್ಕೊಳ್ಳಿ, ಇಲ್ಲಿ ತಪ್ಪು ಮಾಡಿದ್ರೆ ಅಳಿಸೋಕಾಗಲ್ಲ ಎಂದನು. ತಮ್ಮನ ಹೆಂಡತಿಯು ನಕ್ಕಳು. ಐದು ತಿಂಗಳಲ್ಲಿ ಆಕೆ ನಕ್ಕದ್ದನ್ನು ನಾನು ಕಂಡಿರಲಿಲ್ಲ.

ಎರಡು ಬ್ಯಾಟರಿಗಳನ್ನು ಹೊರತೆಗೆದ ಮೇಲೆ, ಮೂರನೆಯದಕ್ಕೂ ಆಸನದ ಹಲಗೆಗೂ ನಡುವೆ ಕಿತ್ತಳೆ ಬಣ್ಣ ಕಾಣಿಸಿತು. ಕೈ ಹಾಕಿ ಎಳೆದೆನು. ಜಾಕೆಟ್ ನಾಲ್ಕು ಮಡಿಕೆಯಾಗಿ, ಬ್ಯಾಟರಿ ಅಲುಗಾಡದಂತೆ ಬಿಗಿಯಾಗಿ ತುರುಕಲ್ಪಟ್ಟಿತ್ತು. ಅದರ ಮೇಲೆ ಬ್ಯಾಟರಿಯ ಮೂಲೆಯ ಅಚ್ಚು ಮೂಡಿತ್ತು. ಎರಡು ಬ್ಯಾಟರಿ ಎತ್ತದೆ ಆ ಸಂದು ಯಾರಿಗೂ ಕಾಣದು. ಹಿಂದೆ ದೋಣಿಯನ್ನು ಶೋಧಿಸಿದವರದು ಇದರಲ್ಲಿ ತಪ್ಪಿಲ್ಲ.

ಶಾಕಣ್ಣನು ಜಾಕೆಟ್ಟನ್ನೂ ನನ್ನ ಮುಖವನ್ನೂ ನೋಡಿ, ಕೇಬಲ್ ಅರ್ಧ ಮೀಟರ್ ಸಾಲದು, ತರ್ತೀನಿ ಎಂದು ದಡಕ್ಕೆ ಹೋದನು. ಕೇಬಲ್ ಸಾಕಷ್ಟಿತ್ತು.

ಆಗ ತಮ್ಮನ ಹೆಂಡತಿಯು ಕ್ಯಾಬಿನ್ನಿನೊಳಗೆ ನನಗೆ ಬೆನ್ನು ಹಾಕಿ ಡಬ್ಬಿಗಳನ್ನು ಒರೆಸುತ್ತಿದ್ದಳು. ಮೀನುದೋಣಿಯೊಂದು ಹತ್ತಿರದಿಂದ ಹಾದುಹೋಯಿತು. ಅದರ ಅಲೆಗೆ ನಮ್ಮ ದೋಣಿ ತೂಗಿ, ಆಧಾರ ತಪ್ಪಿದ ಮೂರನೆಯ ಬ್ಯಾಟರಿ ಹಲಗೆಗೆ ಎರಡು ಸಲ ಬಡಿಯಿತು. ಚುಕ್ಕಾಣಿ ಹಿಡಿದು ಕುಳಿತಾಗ ಟೀ ಬೇಕೆನಿಸಿದರೆ ನನ್ನ ತಮ್ಮನು ಅದೇ ಹಲಗೆಯನ್ನು ಎರಡು ಸಲ ಬಡಿಯುತ್ತಿದ್ದನು. ಆಕೆ ತಿರುಗದೆಯೇ, ಬಂದೆ, ಒಂದ್ನಿಮಿಷ ಎಂದಳು. ಫ್ಲಾಸ್ಕ್ ತೆರೆದು ಮುಚ್ಚಳಕ್ಕೆ ಟೀ ಬಗ್ಗಿಸಿ, ಬಾಗಿಲಿಗೆ ಬಂದು, ಚುಕ್ಕಾಣಿಯ ಪಕ್ಕದ ಆಸನದ ಕಡೆಗೆ ಕೈ ಚಾಚಿದಳು. ಆ ಆಸನದಲ್ಲಿ ಯಾರೂ ಇರಲಿಲ್ಲ. ನಾನು ಅದಕ್ಕೆ ಎರಡು ಅಡಿ ಈಚೆಗಿದ್ದೆನು. ಚಾಚಿದ ಕೈ ಕೆಲಹೊತ್ತು ಹಾಗೆಯೇ ಇತ್ತು. ಆಮೇಲೆ ಆಕೆ ಜಾಕೆಟ್ಟನ್ನು ಕಂಡಳು.

ಕಂಡ ಮೇಲೆ ಆಕೆ ಹೇಳಿದ್ದಿಷ್ಟು. ಬ್ಯಾಟರಿ ಹಾಗೆ ಬಡಿಯುವುದು ಹಳೆಯದು. ಪ್ರತಿ ಸಲವೂ ತಾನು ಮೋಸಹೋಗಿ ಟೀ ಹಿಡಿದು ಬರುತ್ತಿದ್ದಳು, ಅವನು ನಗುತ್ತಿದ್ದನು. ಕೊನೆಗೆ ರೇಗಿ, ಆ ಸದ್ದು ನಿಲ್ಲಿಸೋವರೆಗೂ ನಾನು ದೋಣಿ ಹತ್ತಲ್ಲ ಎಂದಿದ್ದಳು. ಆ ಸಂಜೆ ಅವನು ಹೊರಡುವಾಗ, ನಿನ್ನ ಸದ್ದು ನಿಲ್ಲಿಸಿದ್ದೀನಿ ಮಾರಾಯ್ತಿ, ನಾಳೆ ಬರ್ಬೇಕು, ನೆಪ ಹೇಳೋ ಹಾಗಿಲ್ಲ ಎಂದಿದ್ದನು. ಹೇಗೆ ನಿಲ್ಲಿಸಿದನೆಂದು ಆಕೆ ಕೇಳಿರಲಿಲ್ಲ.

ಬಳಿಕ ಆಕೆ, ಎಲ್ಲಿತ್ತೋ ಅಲ್ಲೇ ತುರುಕಿಬಿಡಿ ಭಾವ, ನೀವೂ ನೋಡ್ಲಿಲ್ಲ, ನಾನೂ ನೋಡ್ಲಿಲ್ಲ ಎಂದು ಕೇಳಿಕೊಂಡಳು. ಹಾಗೆ ಮಾಡಲಾಗದೆಂದು ನಾನು ತಿಳಿಸಿದೆನು. ನಿಮಗೆ ಮೊದಲಿಂದಲೂ ಎಲ್ಲ ಸರಿಯಾಗಿರ್ಬೇಕು, ಸರಿ ಮಾಡ್ಕೊಂಡು ಇನ್ನೇನು ಮಾಡ್ತೀರಿ ಎಂದು ಆಕೆ ಕೇಳಿದಳು. ನಾನು ಜಾಕೆಟ್ಟನ್ನು ಮಡಿಸಿ ಪಕ್ಕಕ್ಕಿಟ್ಟೆನು.

ಶಾಕಣ್ಣನು ಬರಿಗೈಯಲ್ಲಿ ಹಿಂತಿರುಗಿದನು. ಕೆಲಸ ಮುಗಿಸಿಯೇ ಹೋಗೋಣ ಎಂದು ಆಕೆಯೇ ಹೇಳಿದಳು. ಹನ್ನೆರಡೂವರೆಗೆ ಬ್ಯಾಟರಿಗಳನ್ನು ನಡುವೆ ಇಟ್ಟು ಪಟ್ಟಿಯಿಂದ ಬಿಗಿದೆವು. ಡಬ್ಬಿಗಳನ್ನು ಬಟ್ಟೆಯಲ್ಲಿ ಸುತ್ತಿ ಹಿಂದೆ ಜೋಡಿಸಿದೆವು. ದಡದಿಂದ ನೋಡಿದಾಗ ದೋಣಿಯ ಮುಂಭಾಗ ಎರಡು ಬೆರಳಿನಷ್ಟು ತಗ್ಗಿತ್ತು. ಚುಕ್ಕಾಣಿ ಹತ್ರ ಒಬ್ರು ಕೂತ್ರೆ ಸಮ ಆಗುತ್ತೆ ಎಂದು ಶಾಕಣ್ಣನು ಹೇಳಿ, ಹೇಳಿದ್ದಕ್ಕೆ ನಾಲಿಗೆ ಕಚ್ಚಿಕೊಂಡನು. ಆಕೆ, ಗೊತ್ತು, ಅವರ ಲೆಕ್ಕ ಅದೇ ಇತ್ತು ಎಂದಳು.

ಠಾಣೆಗೆ ಬರುವ ದಾರಿಯಲ್ಲಿ, ಜಾಕೆಟ್ ಸಿಕ್ಕಿದ್ದನ್ನಷ್ಟೇ ಬರೆಸುತ್ತೇನೆ, ಅದು ಅಲ್ಲೇಕಿತ್ತೆಂಬುದನ್ನು ಬಿಡುತ್ತೇನೆ ಎಂದು ನಾನು ಆಕೆಗೆ ಹೇಳಿದೆನು. ಬರೆಸಿ ಭಾವ, ನಾನು ಹೇಳಿದ್ದನ್ನ ಅವರು ಕೇಳಿದ್ದು ಅದೊಂದೇ ಸಲ, ಅದಾದ್ರೂ ಎಲ್ಲಾದ್ರೂ ಇರ್ಲಿ ಎಂದು ಆಕೆ ಹೇಳಿದಳು. ಆದಕಾರಣ ಬರೆಸಿದ್ದೇನೆ.

ಜಾಕೆಟ್ಟನ್ನು ಈ ಹೇಳಿಕೆಯೊಂದಿಗೆ ಒಪ್ಪಿಸಿದ್ದೇನೆ. ನನ್ನ ತಮ್ಮನು ಅದನ್ನು ಧರಿಸಿದ್ದನೆಂಬ ಹಿಂದಿನ ವಾಕ್ಯವನ್ನು ತಿದ್ದಬೇಕಾಗಿ ಕೋರುತ್ತೇನೆ. ಆಕೆ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದಾಳೆ. ಸ್ವಲ್ಪ ಹೊತ್ತಿನ ಹಿಂದೆ ಇಲ್ಲಿನ ಗುಮಾಸ್ತರು ಜಾಕೆಟ್ಟಿನ ಚೀಟಿಯ ಮೇಲೆ ಎರಡು ಸಲ ಮುದ್ರೆ ಒತ್ತಿದರು. ಹೊರಗೆ ಫ್ಲಾಸ್ಕ್ ಮುಚ್ಚಳ ತಿರುಗಿಸಿದ ಸದ್ದು ಕೇಳಿಸಿತು.

ಮೇಲೆ ಹೇಳಿದ್ದೆಲ್ಲವೂ ನಾನು ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು. ಓದಿಸಿ ಕೇಳಿ, ಸರಿಯಿದೆಯೆಂದು ಕಂಡು ಸಹಿ ಮಾಡಿದ್ದೇನೆ.

ಸ್ಥಳ: ಬಂದರು ಠಾಣೆ
ದಿನಾಂಕ: ಹದಿನಾಲ್ಕು, ಗುರುವಾರ, ಮಧ್ಯಾಹ್ನ ಮೂರು ಗಂಟೆ
ಸಹಿ: (ಕಾಣೆಯಾದವನ ಅಣ್ಣ)