ಎಣ್ಣೆ ಬೆರೆಸಿ ಬರುವ ಪೆಟ್ರೋಲು

ಅಮೆರಿಕದ ಮೇಯ್ನ್ ರಾಜ್ಯದ ನಮ್ಮೂರ ಹಾರ್ಡ್‌ವೇರ್ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಒಬ್ಬ ಅಪ್ಪ, ಮಗಳು ನಿಂತಿದ್ದರು. ಮಗಳ ಕೈಯಲ್ಲಿ ನಾಲ್ಕು ಡಬ್ಬ. ಮರ ಕೊಯ್ಯುವ ಮೋಟಾರು ಗರಗಸಕ್ಕೆ ನೇರವಾಗಿ ಸುರಿಯಬಹುದಾದ, ಎಣ್ಣೆ ಬೆರೆಸಿಯೇ ಬರುವ ಪೆಟ್ರೋಲು ಅದು.

“ಥೂ, ಇಡೇ ಅದನ್ನ! ಬೇಸಿಗೇಲಿ ಬೋಸ್ಟನ್ನಿಂದ ಬರ್ತಾರಲ್ಲ ಪೇಟೆಯೋರು, ಅವರು ತಗೊಳ್ಳೋದು ಇದು.”

“ಈ ಸಲ ನಾವೂ ತಗೊಳ್ಳೋಣಪ್ಪ.”

“ನಲವತ್ತು ವರ್ಷ ಕಾಡಲ್ಲಿ ಕಣ್ಣಳತೇಲೇ ಎಣ್ಣೆ ಬೆರೆಸಿದೋನು ಕಣೇ ನಾನು, ಒಡೆಟ್!”

“ಹೋದ ತಿಂಗಳು ಎಣ್ಣೇನೇ ಹಾಕದೆ ಗರಗಸ ಸುಟ್ಟೋನು ಯಾರು ಹಾಗಾದ್ರೆ?”

“ಒಂದ್ಸಲ ಮರೆತೆ. ಅದನ್ನೇ ಎಷ್ಟು ಸಲ ಹೇಳ್ತೀಯ?”

“ಎರಡ್ಸಲ ಅಪ್ಪ. ತಮ್ಮ ರೆಮಿ ಗರಗಸಾನೂ ಹಂಗೇ ಹೋಯ್ತು.”



“ರೆಮೀದಾ? ನಂಗೆ ಅದು ನೆನಪೇ ಇಲ್ವಲ್ಲೇ.”

“ಇರ್ಲಿ ಬಿಡು. ಇದಾದ್ರೆ ನೆನಪಿಟ್ಕೊಳ್ಳೋದೇ ಬೇಡ, ಸುರಿದ್ರೆ ಆಯ್ತು.”

“ಕಾಡಿಗೆ ಬರ್ಬೇಡ ಅಂತೀರಾ ಇನ್ನು?”

“ಯಾರಂದ್ರು? ನೀನು ಬರ್ಲಿ ಅಂತಾನೇ ಇದನ್ನ ತಗೊಳ್ತಿರೋದು.”

ದುಡ್ಡು ಕೊಟ್ಟು ಹೊರಟರು. ಡಬ್ಬಗಳನ್ನು ಅಪ್ಪನೇ ಎತ್ತಿಕೊಂಡ. ಬಾಗಿಲ ಹತ್ತಿರ ತಟ್ಟನೆ ನಿಂತ.

“ಒಡೆಟ್, ಇದಕ್ಕೆ ಬೆರೆಸೋಕೆ ಎಣ್ಣೆ ತಗೊಂಡ್ಯಾ?”

ಮಗಳು ಅವನ ಮುಖವನ್ನೇ ನೋಡಿದಳು.

“ತಗೊಂಡೆ ಅಪ್ಪ. ಟ್ರಕ್ಕಿನ ಕೀ ಕೊಡು, ಇವತ್ತು ನಾನು ಓಡಿಸ್ತೀನಿ.”